ದ್ರೋಣಪುರದ ಸೀಮೆಯಿಂದ: ಆಟಗಾರನೊಬ್ಬ ಗುರುವಾದ ಬಗೆ



ಸಂಕ್ರಾಂತಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಊರಿಗೆ ಬಂದವನು ನಮ್ಮ ಮನೆಗೂ ಬಂದು ಕುಳಿತ. ಜೊತೆಯಲ್ಲಿ ಹತ್ತು ವರ್ಷದ ಮಗಳು. ಅವಳು ಟೆನಿಸ್ ಕಲಿಯುತ್ತಿದ್ದಾಳಂತೆ. ಮಾತು ಸಹಜವಾಗಿಯೇ ರೋಹನ್ ಬೋಪಣ್ಣನವರತ್ತ ಹೊರಳಿತು. ಕೊಡಗಿನ ಮನೆತನದ ಬೋಪಣ್ಣನವರು 2024ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು, ಡಬಲ್ಸ್ ಶ್ರೇಯಾಂಕದಲ್ಲಿ ಜಗತ್ತಿಗೇ ಮೊದಲಿಗರಾದವರು. 2025ರ ನವೆಂಬರಿನಲ್ಲಿ ವೃತ್ತಿಪರ ಟೆನಿಸ್‌ಗೆ ವಿದಾಯ ಹೇಳಿದರು. ಬೆಂಗಳೂರಿನಲ್ಲಿ ಅವರ ಹೆಸರಿನದೇ ಒಂದು ತರಬೇತಿ ಅಕಾಡೆಮಿಯಿದೆ.

"ಗುರುಗಳೇ, ಚಲೋ ಆಡಿದವರು ಚಲೋ ಕಲಸತಾರ ಅಂತ ನಂಬಬಹುದೇನ್ರೀ?" ಎಂದು ಅವನು ಕೇಳಿದ.

ನಾನು ಕೂಡಲೇ ಉತ್ತರಿಸಲಿಲ್ಲ. ಟೆನಿಸ್ ನನಗೆ ತಿಳಿಯದ ಆಟ. ರೋಣ, ನರಗುಂದ, ಗಜೇಂದ್ರಗಡಗಳ ಶಾಲೆಗಳಲ್ಲಿ ಸೇವೆ ಸಲ್ಲಿಸಿದ ಮೂರು ದಶಕಗಳಲ್ಲಿ ನಾನು ಕಂಡದ್ದು ಕುಸ್ತಿಯ ಅಖಾಡ, ಕಬಡ್ಡಿ, ಖೋಖೋ ಮತ್ತು ಸುಗ್ಗಿ ಮುಗಿದ ಹೊಲದಲ್ಲಿ ಮೂರು ಕೋಲು ನೆಟ್ಟು ಆಡುವ ಕ್ರಿಕೆಟ್ಟು. ಟೆನಿಸ್ಸಿನ ಬಲೆಯನ್ನು ವೃತ್ತಪತ್ರಿಕೆಯ ಚಿತ್ರದಲ್ಲಿ ಮಾತ್ರ ಕಂಡವನು ನಾನು. ಆದರೆ ಪ್ರಶ್ನೆ ಟೆನಿಸ್ಸಿಗಷ್ಟೇ ಸೀಮಿತವಾದುದಾಗಿರಲಿಲ್ಲ. ಆಡುವುದು ಒಂದು ವಿದ್ಯೆ, ಕಲಿಸುವುದು ಇನ್ನೊಂದು ವಿದ್ಯೆ. ಮೊದಲನೆಯದರಿಂದ ಎರಡನೆಯದಕ್ಕೆ ದಾಟುವವನ ಜೀವನ ಹೇಗಿರುತ್ತದೆ ಎಂಬುದೇ ಅದರ ತಿರುಳು. ಇದಕ್ಕೆ ಉತ್ತರವನ್ನು ನಮ್ಮ ಜಿಲ್ಲೆಯಲ್ಲೇ ಹುಡುಕಬಹುದೆಂದು ಆಮೇಲೆ ಹೊಳೆಯಿತು. ಗದಗಿನ ಸುನಿಲ್ ಜೋಶಿಯವರ ಆಟದ ಬದುಕನ್ನೂ ತರಬೇತಿಯ ಬದುಕನ್ನೂ ಒಟ್ಟಿಗೆ ಇಟ್ಟು ನೋಡುವ ಪ್ರಯತ್ನವೇ ಈ ಲೇಖನ.

*

ನಮ್ಮ ರೋಣಕ್ಕೆ ದ್ರೋಣಪುರವೆಂದು ಹೆಸರಿತ್ತೆಂಬ ಪ್ರತೀತಿಯನ್ನು ನೀವೆಲ್ಲ ಬಾಲ್ಯದಿಂದ ಕೇಳಿದವರೇ. ದ್ರೋಣಾಚಾರ್ಯರಾದರೂ ಯಾರು? ತಾವೇ ಮಹಾ ಧನುರ್ಧರರಾಗಿದ್ದು, ಬಳಿಕ ಬಿಲ್ವಿದ್ಯೆಯನ್ನು ಕಲಿಸುವ ವೃತ್ತಿ ಹಿಡಿದವರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಆಟಗಾರರಾಗಿದ್ದು ತರಬೇತುದಾರರಾದವರು. ಭಾರತ ಸರ್ಕಾರವು 1985ರಲ್ಲಿ ಕ್ರೀಡಾ ತರಬೇತುದಾರರಿಗೆಂದು ಪ್ರಶಸ್ತಿಯನ್ನು ಸ್ಥಾಪಿಸಿದಾಗ ಅದಕ್ಕೆ ಇಟ್ಟದ್ದೂ ದ್ರೋಣಾಚಾರ್ಯರ ಹೆಸರನ್ನೇ. ಅದೇ ದ್ರೋಣರು ಏಕಲವ್ಯನ ಹೆಬ್ಬೆರಳನ್ನು ಕೇಳಿದವರು ಎಂಬುದನ್ನೂ ಮರೆಯಲಾಗದು. ಆ ಮಾತಿಗೆ ಕೊನೆಯಲ್ಲಿ ಮರಳಿ ಬರುತ್ತೇನೆ.

ಗುರುವನ್ನು ಅರಸುವುದು, ಗುರುವಾಗುವುದು ಈ ಎರಡೂ ನಮ್ಮ ಸೀಮೆಗೆ ಹೊಸವಲ್ಲ. 1922ರಲ್ಲಿ ರೋಣದಲ್ಲಿ ಜನಿಸಿದ ಪಂಡಿತ ಭೀಮಸೇನ ಜೋಶಿಯವರು ಶಾಲಾ ಶಿಕ್ಷಕರೊಬ್ಬರ ಮಗ. ಹನ್ನೊಂದರ ಎಳೆಯ ಪ್ರಾಯದಲ್ಲಿ ಸಂಗೀತದ ಗುರುವನ್ನು ಅರಸಿ ಮನೆ ಬಿಟ್ಟು ರೈಲು ಹತ್ತಿದವರು. ಉತ್ತರ ಹಿಂದೂಸ್ಥಾನವನ್ನೆಲ್ಲ ಸುತ್ತಿ, ಕಡೆಗೆ ಹತ್ತಿರದ ಕುಂದಗೋಳದಲ್ಲೇ ಸವಾಯಿ ಗಂಧರ್ವರನ್ನು ಗುರುವಾಗಿ ಪಡೆದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ತಾವು ಕಣ್ಣಿಲ್ಲದವರಾಗಿದ್ದು ಕಣ್ಣಿಲ್ಲದ ಸಹಸ್ರಾರು ಮಕ್ಕಳಿಗೆ ಸ್ವರದ ದಾರಿ ತೋರಿಸಿದರು. ಸಂಗೀತದಲ್ಲಿ ಹೀಗೆ ಮನೆಯಂಗಳದಲ್ಲೇ ಗುರುಪರಂಪರೆಯಿದ್ದ ನಾಡಿಗೆ ಕ್ರೀಡೆಯಲ್ಲಿ, ಕುಸ್ತಿಯೊಂದನ್ನು ಬಿಟ್ಟರೆ, ಅಂಥ ಪರಂಪರೆ ಇರಲಿಲ್ಲ. ಕ್ರಿಕೆಟ್ ಕಲಿಯಬೇಕಾದವನು ಊರು ಬಿಟ್ಟು ಹೋಗಬೇಕಿತ್ತು, ಇಲ್ಲವೆ ದಿನಾಲು ಹೋಗಿ ಬರಬೇಕಿತ್ತು.

ಸುನಿಲ್ ಜೋಶಿಯವರು ಆರಿಸಿಕೊಂಡದ್ದು ಎರಡನೆಯ ದಾರಿ. ಭೀಮಸೇನರ ಮನೆತನಕ್ಕೂ ಇವರಿಗೂ ನಾನು ಸಂಬಂಧ ಹೇಳುತ್ತಿಲ್ಲ, ಅಡ್ಡಹೆಸರಿನ ಸಾಮ್ಯವಷ್ಟೆ. ಇವರು ಹುಟ್ಟಿದ್ದು 1970ರ ಜೂನ್ 6ರಂದು, ಗದಗಿನಲ್ಲಿ. ಆಗ ಗದಗ ಜಿಲ್ಲೆಯೆಂಬುದೇ ಇರಲಿಲ್ಲ. ರೋಣ, ನರಗುಂದ, ಗದಗ ಇವೆಲ್ಲ ವಿಶಾಲವಾದ ಧಾರವಾಡ ಜಿಲ್ಲೆಯ ತಾಲ್ಲೂಕುಗಳು; ಗಜೇಂದ್ರಗಡವಂತೂ ರೋಣ ತಾಲ್ಲೂಕಿನ ಒಂದು ಊರು. ಹೊಸ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಕ್ರಿಕೆಟ್ಟಿನ ಲೆಕ್ಕದಲ್ಲಿಯೂ ನಾವು ರಾಜ್ಯ ಕ್ರಿಕೆಟ್ ಸಂಸ್ಥೆಯ ಧಾರವಾಡ ವಲಯಕ್ಕೆ ಸೇರಿದವರು. ಆ ವಲಯದ ಕ್ರಿಕೆಟ್ಟಿನ ಕೇಂದ್ರವೆಂದರೆ ಹುಬ್ಬಳ್ಳಿ. ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರು. ಬಾಲಕ ಜೋಶಿ ನಸುಕಿನಲ್ಲೆದ್ದು ಅಷ್ಟು ದೂರ ಹೋಗಿ, ಅಭ್ಯಾಸ ಮುಗಿಸಿ, ಶಾಲೆಯ ಗಂಟೆಯ ಹೊತ್ತಿಗೆ ಮರಳಿ ಗದಗಿಗೆ ಬರುತ್ತಿದ್ದರು.

ಈ ಒಂದು ವಾಕ್ಯವನ್ನು ಬೆಂಗಳೂರಿನ ಓದುಗರು ಸಲೀಸಾಗಿ ದಾಟಿಬಿಡಬಹುದು. ನಮ್ಮ ಕಡೆಯವರು ದಾಟಲಾರರು. ಅಂದಿನ ರಸ್ತೆಗಳು, ಅಂದಿನ ಮೀಟರ್‌ಗೇಜ್ ಗಾಡಿಗಳು, ನಿಲ್ಲದೆ ಹೋಗುವ ಬಸ್ಸುಗಳು ಎಲ್ಲವನ್ನೂ ಬಲ್ಲವರು ನೀವು. ದಿನವೊಂದಕ್ಕೆ 120 ಕಿಲೋಮೀಟರು ಓಡಾಡಿ ಒಂದೆರಡು ತಾಸು ಚೆಂಡೆಸೆದು ಬಂದು, ಮತ್ತೆ ಗಣಿತದ ಪಾಠಕ್ಕೆ ಕೂಡುವುದೆಂದರೆ ಮನೆಯವರ ಸಹನೆ, ಶಾಲೆಯವರ ಔದಾರ್ಯ, ಹುಡುಗನ ಹಟ ಮೂರೂ ಕೂಡಿಬಂದರಷ್ಟೇ ಸಾಧ್ಯ. ಗದಗಿಗೆ ರೈಲಾದರೂ ಇತ್ತು. ರೋಣ ತಾಲ್ಲೂಕಿಗೆ ಹೊಳೆ ಆಲೂರಿನ ನಿಲ್ದಾಣವೇ ಆಸರೆ. ನರಗುಂದ, ಗಜೇಂದ್ರಗಡಗಳ ಹುಡುಗನಿಗೆ ಅದೂ ಇಲ್ಲ. ಗದಗಿನಿಂದ ಒಬ್ಬ ಸುನಿಲ್ ಜೋಶಿ ಬಂದರು. ಗದಗಿನಿಂದಾಚೆಯ ಊರುಗಳಿಂದ ಎಷ್ಟು ಮಂದಿ ಬರಬಹುದಿತ್ತೆಂಬ ಲೆಕ್ಕವನ್ನು ಯಾವ ದಾಖಲೆಯೂ ಇಟ್ಟಿಲ್ಲ.

*

ಜೋಶಿಯವರದು ಎಡಗೈ ಸ್ಪಿನ್. ಕ್ರಿಕೆಟ್ ಅರಿಯದ ನನ್ನ ಬಂಧುಗಳಿಗಾಗಿ ಒಂದು ಮಾತು. ಈ ಬಗೆಯ ಬೌಲರ್ ಚೆಂಡನ್ನು ಬೆರಳಿನಿಂದ ತಿರುಗಿಸಿ ಬಿಡುತ್ತಾನೆ. ಅದು ಗಾಳಿಯಲ್ಲಿ ಕೊಂಚ ತೇಲಿ, ನೆಲಕ್ಕೆ ಬಿದ್ದಮೇಲೆ ಬಲಗೈ ದಾಂಡಿಗನ ಕಾಲ ಕಡೆಯಿಂದ ಹೊರಕ್ಕೆ ತಿರುಗಿ ಹೋಗುತ್ತದೆ. ದಾಂಡಿಗ ಆ ತಿರುವಿಗೆ ಒಗ್ಗಿಕೊಳ್ಳುತ್ತಿರುವಾಗಲೇ ಅದೇ ಕೈಚಳಕದಲ್ಲಿ ತಿರುಗದ ಚೆಂಡೊಂದು ನೇರವಾಗಿ ನುಗ್ಗಿ ಬರುತ್ತದೆ. ವೇಗದ ಬೌಲರನದು ಬಲದ ಕೆಲಸವಾದರೆ ಇವನದು ತಾಳ್ಮೆಯ ಕೆಲಸ. ಒಂದೇ ಸ್ಥಳದಲ್ಲಿ ನೂರು ಬಾರಿ ಚೆಂಡನ್ನು ಬೀಳಿಸಿ, ನೂರಾಒಂದನೆಯದನ್ನು ಅರ್ಧ ಅಡಿ ಈಚೆ ಬೀಳಿಸುವ ಕಲೆ.

ಕರ್ನಾಟಕವು ಸ್ಪಿನ್ನರುಗಳ ತವರು. ಪ್ರಸನ್ನ, ಚಂದ್ರಶೇಖರ್, ವಿಜಯಕೃಷ್ಣ, ರಘುರಾಮ ಭಟ್, ಅವರ ಹಿಂದೆಯೇ ಅನಿಲ್ ಕುಂಬ್ಳೆ. ಇಂಥ ಸಾಲಿನಲ್ಲಿ ಗದಗಿನ ಹುಡುಗ ಜಾಗ ಹಿಡಿಯಬೇಕಿತ್ತು. 1992-93ರಲ್ಲಿ ಅವರು ರಾಜ್ಯ ತಂಡಕ್ಕೆ ಬಂದರು. 1995-96ರ ರಣಜಿ ಋತುವಿನಲ್ಲಿ 52 ವಿಕೆಟ್‌ಗಳನ್ನು ಪಡೆದುದಲ್ಲದೆ 529 ರನ್ನುಗಳನ್ನೂ ಗಳಿಸಿದರು. ಒಂದೇ ಋತುವಿನಲ್ಲಿ 50 ವಿಕೆಟ್, 500 ರನ್ ಎಂಬುದು ಬಹು ವಿರಳವಾದ ಸಾಧನೆ. ಆ ವರ್ಷ ಕರ್ನಾಟಕವು ರಣಜಿ ಟ್ರೋಫಿಯನ್ನು ಗೆದ್ದಿತು. 1997-98, 1998-99ರಲ್ಲಿ ಮತ್ತೆ ಗೆದ್ದಿತು. ಆ ಸುವರ್ಣ ಕಾಲದ ಆಧಾರಸ್ತಂಭಗಳಲ್ಲಿ ಜೋಶಿಯವರೂ ಒಬ್ಬರು.

ಫಲವಾಗಿ 1996ರ ಇಂಗ್ಲೆಂಡ್ ಪ್ರವಾಸಕ್ಕೆ ಆಯ್ಕೆಯಾಯಿತು. ಎಜ್‌ಬಾಸ್ಟನ್‌ನಲ್ಲಿ ಅವರ ಮೊದಲ ಟೆಸ್ಟ್ ಆರಂಭವಾದುದು ಜೂನ್ 6ರಂದು. ಅದು ಅವರ 26ನೆಯ ಹುಟ್ಟುಹಬ್ಬ. ಆ ಒಂದೇ ವರ್ಷದಲ್ಲಿ ಶ್ರೀನಾಥ್, ವೆಂಕಟೇಶ ಪ್ರಸಾದ್, ಕುಂಬ್ಳೆ, ದ್ರಾವಿಡ್, ಡೇವಿಡ್ ಜಾನ್ಸನ್ ಮತ್ತು ಜೋಶಿ ಹೀಗೆ ಆರು ಮಂದಿ ಕನ್ನಡಿಗರು ಭಾರತದ ಪರವಾಗಿ ಟೆಸ್ಟ್ ಆಡಿದರು. ಆರು ಮಂದಿಯಲ್ಲಿ ಉತ್ತರ ಕರ್ನಾಟಕದಿಂದ ಹೋದವರು ಜೋಶಿಯವರೊಬ್ಬರೇ.

ಆದರೆ ಅವರ ಅಂತಾರಾಷ್ಟ್ರೀಯ ಬದುಕು ನೇರವಾದ ಏರುದಾರಿಯಾಗಲಿಲ್ಲ. ಕಾರಣ ಸ್ಪಷ್ಟ. ತಂಡದಲ್ಲಿ ಸ್ಪಿನ್ನರನೆಂದರೆ ಮೊದಲು ಕುಂಬ್ಳೆ. ಇನ್ನೊಬ್ಬರಿಗೆ ಜಾಗವಿದ್ದರೆ ಮಾತ್ರ ಉಳಿದವರ ಪಾಳಿ. ಆ ಎರಡನೆಯ ಜಾಗಕ್ಕೆ ದೇಶದ ಹತ್ತಾರು ಕಡೆಗಳಿಂದ ಸ್ಪರ್ಧಿಗಳು. ಒಂದು ಸರಣಿಯಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ.

1999ರ ಜನವರಿಯ ಚೆನ್ನೈ ಟೆಸ್ಟ್ ನಿಮಗೆ ನೆನಪಿರಬಹುದು. ಪಾಕಿಸ್ತಾನದ ವಿರುದ್ಧ ಗೆಲ್ಲಲು 271 ರನ್ ಬೇಕಿತ್ತು. ಬೆನ್ನುನೋವಿನಲ್ಲೂ ತೆಂಡೂಲ್ಕರ್ 136 ರನ್ ಹೊಡೆದು ಔಟಾದಾಗ ಗೆಲುವಿಗೆ ಬೇಕಿದ್ದುದು ಹದಿನೇಳೇ ರನ್ನು. ಉಳಿದವರಲ್ಲಿ ಜೋಶಿಯವರೂ ಇದ್ದರು. ಯಾರಿಂದಲೂ ಆಗಲಿಲ್ಲ, ಭಾರತ 12 ರನ್ನುಗಳಿಂದ ಸೋತಿತು. ಮುಂದಿನ ದೆಹಲಿ ಟೆಸ್ಟ್‌ನಲ್ಲಿ ಜೋಶಿಯವರ ಹೆಸರಿರಲಿಲ್ಲ. ಅದೇ ಟೆಸ್ಟ್‌ನಲ್ಲಿ ಕುಂಬ್ಳೆ ಒಂದೇ ಇನಿಂಗ್ಸ್‌ನ ಹತ್ತೂ ವಿಕೆಟ್‌ಗಳನ್ನು ಪಡೆದು ಚರಿತ್ರೆಯಾದರು. ಇತಿಹಾಸದ ಪುಟದಲ್ಲಿ ದೆಹಲಿ ದಪ್ಪ ಅಕ್ಷರದಲ್ಲಿದೆ. ಚೆನ್ನೈಯಲ್ಲಿ ಕೊನೆಯ ಹೊತ್ತಿಗೆ ಬ್ಯಾಟು ಹಿಡಿದು ನಿಂತವನ ಮನಸ್ಸಿನ ಭಾರ ಯಾವ ಪುಟದಲ್ಲಿಯೂ ಇಲ್ಲ. ತರಬೇತುದಾರನಾಗುವವನು ಈ ಭಾರವನ್ನು ಹೊತ್ತಿರಬೇಕೆಂದು ನನಗೆ ಈಗ ತೋರುತ್ತದೆ.

*

ಅದೇ ವರ್ಷದ ಸೆಪ್ಟೆಂಬರ್ 26ರಂದು ಜೋಶಿಯವರ ದಿನ ಬಂದಿತು. ಕೀನ್ಯಾ ದೇಶದ ನೈರೋಬಿಯ ಜಿಮ್‌ಖಾನಾ ಮೈದಾನ. ಎದುರಾಳಿ ದಕ್ಷಿಣ ಆಫ್ರಿಕಾ. ಜೋಶಿಯವರು ಹಾಕಿದ್ದು 10 ಓವರು. ಅದರಲ್ಲಿ 6 ಓವರುಗಳಲ್ಲಿ ಒಂದು ರನ್ನೂ ಇಲ್ಲ. ಒಟ್ಟು ಕೊಟ್ಟ ರನ್ನು 6. ಪಡೆದ ವಿಕೆಟ್ 5. ಡಿಪೆನಾರ್, ಗಿಬ್ಸ್, ನಾಯಕ ಕ್ರೋನಿಯೆ, ಜಾಂಟಿ ರೋಡ್ಸ್, ಶಾನ್ ಪೊಲಾಕ್ ಇವರಾರೂ ಸಾಮಾನ್ಯರಲ್ಲ. ದಕ್ಷಿಣ ಆಫ್ರಿಕಾ 117ಕ್ಕೆ ಕುಸಿಯಿತು. ಭಾರತ 8 ವಿಕೆಟ್‌ಗಳಿಂದ ಗೆದ್ದಿತು. ಅರವತ್ತು ಚೆಂಡುಗಳಲ್ಲಿ ಆರು ರನ್ನು! ಮರುದಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕ್ರಿಕೆಟ್ಟಿನ ಗಂಧವಿಲ್ಲದ ಸಂಸ್ಕೃತ ಪಂಡಿತರೂ ವೃತ್ತಪತ್ರಿಕೆ ಹಿಡಿದು, "ನಮ್ಮ ಗದುಗಿನ ಹುಡುಗನಂತಲ್ರೀ" ಎಂದು ಹೆಮ್ಮೆಪಟ್ಟದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಎರಡನೆಯ ದೊಡ್ಡ ದಿನಗಳು ಬಂದದ್ದು 2000ದ ನವೆಂಬರಿನಲ್ಲಿ, ಢಾಕಾದಲ್ಲಿ. ಅದು ಬಾಂಗ್ಲಾದೇಶವು ಆಡಿದ ಮೊಟ್ಟಮೊದಲ ಟೆಸ್ಟ್; ಸೌರವ್ ಗಂಗೂಲಿಯವರು ನಾಯಕರಾಗಿ ಆಡಿದ ಮೊದಲ ಟೆಸ್ಟ್ ಕೂಡ. ಬಾಂಗ್ಲಾದೇಶ ಎಲ್ಲರ ನಿರೀಕ್ಷೆ ಮೀರಿ 400 ರನ್ ಹೊಡೆಯಿತು. ಅಮಿನುಲ್ ಇಸ್ಲಾಂ ಅವರದೇ 145. ಆ ದೊಡ್ಡ ಮೊತ್ತದ ನಡುವೆಯೂ ಜೋಶಿಯವರು 142 ರನ್ನಿಗೆ 5 ವಿಕೆಟ್ ಪಡೆದರು. ಭಾರತದ ಸರದಿ ಬಂದಾಗ ಬ್ಯಾಟು ಹಿಡಿದು 92 ರನ್ ಗಳಿಸಿದರು. ಶತಕಕ್ಕೆ ಎಂಟು ಕಡಿಮೆ. ಎರಡನೆಯ ಇನಿಂಗ್ಸ್‌ನಲ್ಲಿ 27 ರನ್ನಿಗೆ 3 ವಿಕೆಟ್ ಬಿದ್ದವು. ಬಾಂಗ್ಲಾದೇಶ 91ಕ್ಕೆ ಆಲೌಟಾಗಿ, ಭಾರತ 9 ವಿಕೆಟ್‌ಗಳಿಂದ ಗೆದ್ದಿತು. ಪಂದ್ಯಪುರುಷೋತ್ತಮ ಪ್ರಶಸ್ತಿ ಜೋಶಿಯವರಿಗೆ ಸಂದಿತು.

ಮೂವತ್ತರ ಪ್ರಾಯ, ಪ್ರಾವೀಣ್ಯದ ಶಿಖರ. ಇನ್ನು ಜಾಗ ಗಟ್ಟಿಯಾಯಿತೆಂದು ನಾವೆಲ್ಲ ಭಾವಿಸಿದೆವು. ಆದರೆ ಆ ನವೆಂಬರ್ ಮುಗಿಯುವುದರೊಳಗೆ, ಜಿಂಬಾಬ್ವೆಯ ವಿರುದ್ಧದ ಸರಣಿಯೊಂದಿಗೆ, ಅವರ ಟೆಸ್ಟ್ ಬದುಕೇ ಮುಗಿಯಿತು. 2001ರ ಫೆಬ್ರವರಿ-ಮಾರ್ಚಿನಲ್ಲಿ ಆಸ್ಟ್ರೇಲಿಯಾದ ವಿರುದ್ಧ ತರುಣ ಹರಭಜನ್ ಸಿಂಗ್ ಮೂರು ಟೆಸ್ಟ್‌ಗಳಲ್ಲಿ 32 ವಿಕೆಟ್ ಕಿತ್ತರು. ಎರಡನೆಯ ಸ್ಪಿನ್ನರನ ಜಾಗ ಬಹುಕಾಲಕ್ಕೆ ಭರ್ತಿಯಾಯಿತು. 15 ಟೆಸ್ಟ್, 41 ವಿಕೆಟ್. 69 ಏಕದಿನ ಪಂದ್ಯ, 69 ವಿಕೆಟ್. ಜೋಶಿಯವರ ಅಂತಾರಾಷ್ಟ್ರೀಯ ಲೆಕ್ಕ ಅಲ್ಲಿಗೆ ನಿಂತಿತು.

ಮುಂದಿನ ಸುಮಾರು ಒಂದು ದಶಕ ಅವರು ಕರ್ನಾಟಕಕ್ಕಾಗಿ ರಣಜಿ ಆಡಿದರು. ಖಾಲಿ ಗ್ಯಾಲರಿಗಳ ಎದುರು, ಚಳಿಗಾಲದ ಬೆಳಗುಗಳಲ್ಲಿ, ತನಗಿಂತ ಹದಿನೈದು ವರ್ಷ ಕಿರಿಯರಾದ ಹುಡುಗರ ಜೊತೆಯಲ್ಲಿ. ಪ್ರಥಮ ದರ್ಜೆಯ ಕ್ರಿಕೆಟ್ಟಿನಲ್ಲಿ ಅವರು ಪಡೆದ ವಿಕೆಟ್‌ಗಳು 600ಕ್ಕೂ ಮಿಗಿಲು, ಗಳಿಸಿದ ರನ್ನುಗಳು 5000ಕ್ಕೂ ಮಿಗಿಲು. 2012ರಲ್ಲಿ ನಿವೃತ್ತಿ ಘೋಷಿಸಿದರು. ಹುಬ್ಬಳ್ಳಿಯ ರಾಜನಗರದ ಹೊಸ ಮೈದಾನದಲ್ಲಿ ರಣಜಿ ಪಂದ್ಯಗಳು ಆರಂಭವಾದುದೂ ಅದೇ 2012ರಲ್ಲಿ. ಬಾಲ್ಯದಲ್ಲಿ ದಿನಾಲು ಹುಬ್ಬಳ್ಳಿಗೆ ಓಡಿದವರು ಆಟ ಬಿಡುವ ಹೊತ್ತಿಗೆ ಹುಬ್ಬಳ್ಳಿಗೆ ಮೈದಾನ ಬಂದಿತು.

*

ಇಲ್ಲಿಂದ ಮುಂದಿನದು ಎರಡನೆಯ ಜನ್ಮ. ಹೈದರಾಬಾದ್ ತಂಡದ ತರಬೇತುದಾರರಾಗಿದ್ದ ಜೋಶಿಯವರು 2014ರಲ್ಲಿ ಜಮ್ಮು-ಕಾಶ್ಮೀರ ತಂಡದ ಹೊಣೆ ಹೊತ್ತರು. ಆ ವರ್ಷದ ಸೆಪ್ಟೆಂಬರಿನಲ್ಲಿ ಝೇಲಂ ನದಿ ಉಕ್ಕಿ ಶ್ರೀನಗರ ಮುಳುಗಿದ್ದನ್ನು ನೀವು ಬಲ್ಲಿರಿ. ಅಲ್ಲಿಯ ಕ್ರಿಕೆಟ್ ಮೈದಾನವೂ ನೀರಿನಡಿಯಾಯಿತು. ಅಭ್ಯಾಸಕ್ಕೆ ಅಂಕಣವಿಲ್ಲ, ಹಲವು ಆಟಗಾರರ ಮನೆಗಳಿಗೇ ನೀರು ನುಗ್ಗಿದ ಸ್ಥಿತಿ. ಅಂಥ ತಂಡ ಡಿಸೆಂಬರಿನಲ್ಲಿ ಮುಂಬಯಿಯ ವಾಂಖೆಡೆ ಮೈದಾನಕ್ಕೆ ಹೋಗಿ, ಅದುವರೆಗೆ 40 ಬಾರಿ ರಣಜಿ ಗೆದ್ದಿದ್ದ ಮುಂಬಯಿಯನ್ನು 4 ವಿಕೆಟ್‌ಗಳಿಂದ ಸೋಲಿಸಿತು. ನಾಯಕ ಪರ್ವೇಜ್ ರಸೂಲ್. ಎರಡೂ ಇನಿಂಗ್ಸ್‌ಗಳಲ್ಲಿ ಬ್ಯಾಟಿನಿಂದ ಆಸರೆಯಾದವನು ತರುಣ ಶುಭಂ ಖಜೂರಿಯಾ.

ಗೆಲುವು ಆಟಗಾರರದು, ತರಬೇತುದಾರ ಅಂಕಣಕ್ಕೆ ಇಳಿಯುವುದಿಲ್ಲ. ಆದರೂ ನನಗೆ ಅನಿಸುವುದಿಷ್ಟು: ಮೈದಾನವಿಲ್ಲದ ಊರಿನ ಹುಡುಗರ ಎದುರು ನಿಂತು ಧೈರ್ಯ ಹೇಳಲು, ಮೈದಾನಕ್ಕಾಗಿ ದಿನಾಲು 60 ಕಿಲೋಮೀಟರು ಹೋದವನಿಗಿಂತ ಅರ್ಹನಾದವನು ಇನ್ನಾರು? "ಸೌಲಭ್ಯವಿಲ್ಲ" ಎಂಬ ಮಾತನ್ನು ಅವನು ತಿರಸ್ಕಾರದಿಂದ ಕೇಳುವುದಿಲ್ಲ, ಅದನ್ನೇ ಕೊನೆಯ ಮಾತೆಂದು ಒಪ್ಪಿಕೊಳ್ಳುವುದೂ ಇಲ್ಲ.

ಬಳಿಕ ಕರೆ ಬಂದದ್ದು ಒಮಾನ್ ದೇಶದಿಂದ. ಜೋಶಿಯವರು ಸ್ಪಿನ್ ತರಬೇತುದಾರರಾಗಿದ್ದಾಗ, 2016ರ ಟಿ-20 ವಿಶ್ವಕಪ್‌ನಲ್ಲಿ, ಒಮಾನ್ ಧರ್ಮಶಾಲೆಯಲ್ಲಿ ಐರ್ಲೆಂಡನ್ನು ಸೋಲಿಸಿ ಜಗತ್ತಿನ ಹುಬ್ಬೇರಿಸಿತು. ಹಗಲು ನೌಕರಿ ಮಾಡಿ ಸಂಜೆ ಕ್ರಿಕೆಟ್ ಆಡುವವರು ಬಹಳ ಮಂದಿಯಿದ್ದ ತಂಡವದು.

2017ರ ಆಗಸ್ಟಿನಲ್ಲಿ ಕರೆದದ್ದು ಬಾಂಗ್ಲಾದೇಶ. ತನ್ನ ಮೊದಲ ಟೆಸ್ಟ್‌ನಲ್ಲಿ ಯಾರ ಕೈಯಿಂದ ಎಂಟು ವಿಕೆಟ್ ಕಳೆದುಕೊಂಡಿತ್ತೋ, ಯಾರಿಂದ 92 ರನ್ ಹೊಡೆಸಿಕೊಂಡಿತ್ತೋ ಅವರನ್ನೇ ಹದಿನೇಳು ವರ್ಷಗಳ ನಂತರ ತನ್ನ ಸ್ಪಿನ್ನರುಗಳ ಗುರುವಾಗಿ ಆ ದೇಶ ಬರಮಾಡಿಕೊಂಡಿತು. ಅದೇ ತಿಂಗಳು ಢಾಕಾದ ಮೀರ್‌ಪುರದಲ್ಲಿ ಬಾಂಗ್ಲಾದೇಶ ಆಸ್ಟ್ರೇಲಿಯಾವನ್ನು 20 ರನ್ನುಗಳಿಂದ ಸೋಲಿಸಿತು. ಆಸ್ಟ್ರೇಲಿಯಾದ ಮೇಲೆ ಅದು ಗಳಿಸಿದ ಮೊದಲ ಟೆಸ್ಟ್ ಜಯವದು. ಶಕೀಬ್ ಅಲ್ ಹಸನ್ 10 ವಿಕೆಟ್ ಪಡೆದರು. ಕೆಲವೇ ದಿನಗಳ ಹಿಂದೆ ಬಂದ ಗುರುವಿಗೆ ಆ ಜಯದ ಶ್ರೇಯಸ್ಸನ್ನೆಲ್ಲ ಕೊಡುವುದು ಅತಿಶಯೋಕ್ತಿಯಾದೀತು. ಆದರೆ 2018ರ ಕೊನೆಯಲ್ಲಿ ವೆಸ್ಟ್ ಇಂಡೀಸ್ ತಂಡ ಬಂದಾಗ ಒಂದು ವರ್ಷದ ಪಾಠದ ಫಲ ಕಾಣಿಸಿತೆನ್ನಬಹುದು. ಎರಡು ಟೆಸ್ಟ್‌ಗಳಲ್ಲಿ ಬಿದ್ದ ವೆಸ್ಟ್ ಇಂಡೀಸಿನ 40 ವಿಕೆಟ್‌ಗಳೂ ಸ್ಪಿನ್ನರುಗಳ ಪಾಲಾದವು. ಅವರಲ್ಲಿ ನಯೀಮ್ ಹಸನ್ ಎಂಬ 17ರ ಹುಡುಗ ತನ್ನ ಮೊದಲ ಟೆಸ್ಟ್‌ನಲ್ಲೇ 5 ವಿಕೆಟ್ ಪಡೆದ. 2019ರ ವಿಶ್ವಕಪ್‌ವರೆಗೆ ಜೋಶಿಯವರು ಆ ತಂಡದೊಂದಿಗಿದ್ದರು.

*

2020ರ ಮಾರ್ಚಿನಲ್ಲಿ ಅವರನ್ನು ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರನ್ನಾಗಿ ನೇಮಿಸಲಾಯಿತು. ಬಂದೂ ಹೋಗಿಯೂ ಮಾಡಿ, ಆಯ್ಕೆಯ ಪಟ್ಟಿಗಾಗಿ ಕಾದು ಕುಳಿತಿದ್ದವರು ಈಗ ಪಟ್ಟಿ ಬರೆಯುವ ಪೀಠದಲ್ಲಿ. ಆದರೆ ಅದೇ ತಿಂಗಳು ಕೊರೊನಾ ಮಾರಿ ಬಂದು ದೇಶದ ಬಾಗಿಲೇ ಮುಚ್ಚಿತು. ನೋಡಲು ಆಟವೇ ಇಲ್ಲದ ಆಯ್ಕೆಗಾರರ ಸ್ಥಿತಿ ವಿಚಿತ್ರವಾಗಿತ್ತು. ಅಕ್ಟೋಬರಿನಲ್ಲಿ ಅವರ ಸಮಿತಿ ಆಸ್ಟ್ರೇಲಿಯಾ ಪ್ರವಾಸಕ್ಕೆ ತಂಡವನ್ನು ಆರಿಸಿತು. ಆ ಟೆಸ್ಟ್ ತಂಡದಲ್ಲಿ ಶುಭಮನ್ ಗಿಲ್, ಮೊಹಮ್ಮದ್ ಸಿರಾಜ್ ಎಂಬ ಹೊಸಬರಿದ್ದರು. ಡಿಸೆಂಬರಿನಲ್ಲಿ ಅಡಿಲೇಡಿನಲ್ಲಿ ಭಾರತ 36ಕ್ಕೆ ಆಲೌಟಾಗಿ ಮಾನ ಹೋದಂತಾಯಿತು. ಅದಾದ ಕೆಲವೇ ದಿನಗಳಲ್ಲಿ ಸಮಿತಿಯ ಅಧ್ಯಕ್ಷ ಸ್ಥಾನ ಚೇತನ್ ಶರ್ಮಾ ಅವರಿಗೆ ಹೋಯಿತು. 2021ರ ಜನವರಿ 19ರಂದು ಬ್ರಿಸ್ಬೇನಿನಲ್ಲಿ ಅದೇ ತಂಡ ಗೆದ್ದು ಸರಣಿಯನ್ನು 2-1ರಿಂದ ವಶಪಡಿಸಿಕೊಂಡಾಗ ಜೋಶಿಯವರು ಸಮಿತಿಯ ಸಾಮಾನ್ಯ ಸದಸ್ಯರು. ಬಿತ್ತಿದವನೊಬ್ಬ, ರಾಶಿಯ ಹೊತ್ತಿಗೆ ಕಣದಲ್ಲಿ ನಿಂತವನಿನ್ನೊಬ್ಬ. ಒಕ್ಕಲುತನ ಬಲ್ಲ ನಮಗೆ ಇದು ಅಪರಿಚಿತವಲ್ಲ.

2022ರ ನವೆಂಬರಿನಲ್ಲಿ ಇಡೀ ಸಮಿತಿಯೇ ವಿಸರ್ಜನೆಯಾಯಿತು. 2023ರಲ್ಲಿ ಅವರು ಐಪಿಎಲ್‌ನ ಪಂಜಾಬ್ ಕಿಂಗ್ಸ್ ತಂಡದ ಸ್ಪಿನ್ ತರಬೇತುದಾರರಾದರು. ಆ ತಂಡ 2025ರಲ್ಲಿ ಅಂತಿಮ ಪಂದ್ಯದವರೆಗೆ ಬಂದು, ನಮ್ಮ ಬೆಂಗಳೂರಿನ ತಂಡಕ್ಕೇ 6 ರನ್ನುಗಳಿಂದ ಸೋತಿತು. ಜೋಶಿಯವರು ಐಪಿಎಲ್‌ನ ಆರಂಭದ ದಿನಗಳಲ್ಲಿ ಆಡಿದ್ದು ಅದೇ ಬೆಂಗಳೂರು ತಂಡಕ್ಕೆ!

*

ಇನ್ನು ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ಚೆನ್ನಾಗಿ ಆಡಿದವರು ಚೆನ್ನಾಗಿ ಕಲಿಸುವರೇ?

ಟೆನಿಸ್‌ನಲ್ಲಿ ಇದಕ್ಕೊಂದು ಉದಾಹರಣೆ ಬೆಂಗಳೂರಿನಲ್ಲಿಯೇ ಇದೆ. ಮಹೇಶ ಭೂಪತಿಯವರು 1997ರಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದು, ಗ್ರ್ಯಾಂಡ್ ಸ್ಲಾಂ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿದರು. ಅವರಿಗೆ ಆಟ ಕಲಿಸಿದ್ದು ತಂದೆ ಕೃಷ್ಣ ಭೂಪತಿಯವರು. ಸ್ವತಃ ಆಡಿದವರಾಗಿದ್ದರೂ ಅವರ ಹೆಸರು ಉಳಿದಿರುವುದು ಗುರುವಾಗಿ. ಅಗ್ರಸ್ಥಾನಕ್ಕೇರಿ ಬಂದ ಬೋಪಣ್ಣನವರ ದಾರಿ ಬೇರೆ. ಶಿಷ್ಯರಿಂದ ಅವರು ಪಡೆಯಬೇಕಾದ ಕೀರ್ತಿ ಇನ್ನು ಮುಂದಿನದು.

ಜೋಶಿಯವರ ಬದುಕನ್ನು ಓದಿ ನಾನು ತಿಳಿದದ್ದು ಇಷ್ಟು. ವಿದ್ಯೆ ಸಲೀಸಾಗಿ ಒಲಿದವನಿಗೆ ಅದು ಹೇಗೆ ಒಲಿಯಿತೆಂದು ಹೇಳಲು ಬಾರದು. ನಮ್ಮ ಶಾಲೆಗಳಲ್ಲಿಯೂ ಹಾಗೆಯೇ. ಲೆಕ್ಕದಲ್ಲಿ ಬಾಲ್ಯದಿಂದಲೂ ನೂರಕ್ಕೆ ನೂರು ತೆಗೆದವರು, ಹುಡುಗನಿಗೆ ಯಾಕೆ ತಿಳಿಯುತ್ತಿಲ್ಲವೆಂಬುದೇ ತಿಳಿಯದೆ ಸಿಟ್ಟಾಗುವುದನ್ನು ಕಂಡಿದ್ದೇನೆ. ತಂಡದ ಒಳಗೂ ಹೊರಗೂ ಇದ್ದು, ಒಂದು ದಿನ ಆರು ರನ್ನಿಗೆ ಐದು ವಿಕೆಟ್ ಪಡೆದು, ಮುಂದೆ ಪಂದ್ಯಪುರುಷೋತ್ತಮನಾದ ತಿಂಗಳಲ್ಲೇ ಕೊನೆಯ ಟೆಸ್ಟ್ ಆಡಿದವನು ಎಲ್ಲ ಬಗೆಯ ಶಿಷ್ಯನ ಮನಸ್ಸನ್ನೂ ಬಲ್ಲ. ಗೆದ್ದವನಿಗೆ ಏನು ಹೇಳಬೇಕು, ಹೊರಗುಳಿದವನಿಗೆ ಏನು ಹೇಳಬೇಕು ಎಂಬುದನ್ನು ಅವನು ಪುಸ್ತಕದಿಂದ ಕಲಿಯಬೇಕಿಲ್ಲ. ಆದ್ದರಿಂದ, ಗುರುವನ್ನು ಹುಡುಕುವ ತಂದೆತಾಯಿಯರು ಅವನ ಕಪಾಟಿನಲ್ಲಿ ಎಷ್ಟು ಕಪ್ಪುಗಳಿವೆಯೆಂದು ಎಣಿಸುವುದಕ್ಕಿಂತ, ಸೋತು ಬಂದ ಮಗುವಿನೊಡನೆ ಅವನು ಹೇಗೆ ಮಾತಾಡುತ್ತಾನೆಂಬುದನ್ನು ಗಮನಿಸುವುದು ಲೇಸು.

ಇಷ್ಟನ್ನು ಬರೆಯಲು ನನಗೇನು ಅಧಿಕಾರವೆಂದು ಕೇಳಿಕೊಂಡಾಗ ಮನಸ್ಸು ಅಳುಕುತ್ತದೆ. ಏಕೆಂದರೆ ಆ ದಿನ ಮಗಳೊಂದಿಗೆ ಬಂದು ಕುಳಿತಿದ್ದ ಆ ವಿದ್ಯಾರ್ಥಿ, ಹತ್ತನೆಯ ತರಗತಿಯಲ್ಲಿದ್ದಾಗ ಎಡಗೈಯಿಂದ ಚೆಂದದ ಸ್ಪಿನ್ ಹಾಕುತ್ತಿದ್ದ. 1997ರ ಚಳಿಗಾಲವಿರಬೇಕು. "ಸರ್, ಹುಬ್ಬಳ್ಳ್ಯಾಗ ಹುಡುಗರ ಟ್ರಯಲ್ಸ್ ಐತ್ರಿ, ಎರಡ ದಿನ ಸೂಟಿ ಕೊಡ್ರಿ" ಎಂದು ಅರ್ಜಿ ಹಿಡಿದು ನಿಂತಿದ್ದ. ನಾನು ತರಗತಿಯ ಶಿಕ್ಷಕ. "ಆಟ ಹೊಟ್ಟಿಗೆ ಹಾಕತೈತೇನೋ? ಮೊದಲ ಎಸ್ಸೆಸ್ಸೆಲ್ಸಿ ಪಾಸಾಗು" ಎಂದು ಅರ್ಜಿಯನ್ನು ಮಡಿಚಿ ಅವನ ಕೈಗೇ ಕೊಟ್ಟೆ. ಎಲ್ಲ ಹುಡುಗರೂ ನಕ್ಕರು. ಗದಗಿನ ಹುಡುಗನೊಬ್ಬ ಭಾರತ ತಂಡದಲ್ಲಿ ಆಡುತ್ತಿದ್ದ ವರ್ಷಗಳೇ ಅವು. ನಾನೂ ಅದನ್ನು ಪತ್ರಿಕೆಯಲ್ಲಿ ಓದುತ್ತಿದ್ದೆ, ಹೆಮ್ಮೆಪಡುತ್ತಿದ್ದೆ. ಆ ಹೆಮ್ಮೆಗೂ ನನ್ನೆದುರು ನಿಂತ ಹುಡುಗನಿಗೂ ಸಂಬಂಧವಿದೆಯೆಂದು ನನಗೆ ಹೊಳೆಯಲೇ ಇಲ್ಲ.

ಈಗ ಅವನು ಒಳ್ಳೆಯ ನೌಕರಿಯಲ್ಲಿದ್ದಾನೆ. ನಾನು ಆ ಸಂಗತಿಯನ್ನು ಎತ್ತಿದಾಗ, "ಬಿಡ್ರಿ ಸರ್, ನೀವು ಅವತ್ತು ಬೈದಿದ್ದಕ್ಕ ಓದಿ ಉದ್ಧಾರ ಆದೆ" ಎಂದು ನಕ್ಕ. ಅವನ ದೊಡ್ಡತನವದು. ಅವನು ಟ್ರಯಲ್ಸ್‌ಗೆ ಹೋಗಿದ್ದರೂ ಆಯ್ಕೆಯಾಗುತ್ತಿರಲಿಲ್ಲವೇನೋ. ಆಗಿದ್ದರೂ ಬಹುದೂರ ಹೋಗುತ್ತಿರಲಿಲ್ಲವೇನೋ. ಆದರೆ ಅದನ್ನು ನಿರ್ಧರಿಸಬೇಕಾದದ್ದು ಹುಬ್ಬಳ್ಳಿಯ ಮೈದಾನ, ನನ್ನ ಮೇಜಲ್ಲ. ದ್ರೋಣರು ಹೆಬ್ಬೆರಳನ್ನು ಕೇಳಿ ಪಡೆದರು. ನಾನು ಕೇಳದೆಯೇ ಪಡೆದೆ.

ಹೊರಡುವಾಗ ಆ ಪುಟ್ಟ ಹುಡುಗಿ ನನ್ನ ಕಾಲಿಗೆ ನಮಸ್ಕರಿಸಿದಳು. ಅವಳು ಪುಸ್ತಕವನ್ನು ಎಡಗೈಯಲ್ಲೇ ಹಿಡಿದಿದ್ದಳು. "ಯಾವ ಕೈಲೆ ಆಡತೀಯವ್ವಾ?" ಎಂದು ಕೇಳಿದೆ. "ಇದ ಕೈಲೆ ಅಜ್ಜಾ" ಎಂದು ಎಡಗೈ ಎತ್ತಿ ತೋರಿಸಿದಳು. ಚೆನ್ನಾಗಿ ಆಡು ಎಂದು ಹರಸಿದೆ. ಓದಿನ ಮಾತನ್ನು ಆ ದಿನ ನಾನು ಎತ್ತಲಿಲ್ಲ.

ನನ್ನ ಶಿಷ್ಯರಲ್ಲಿ ಅನೇಕರು ಇಂದು ತಾವೇ ಶಿಕ್ಷಕರಾಗಿದ್ದೀರಿ. ರೋಣದಲ್ಲೋ ನರಗುಂದದಲ್ಲೋ ಗಜೇಂದ್ರಗಡದಲ್ಲೋ ಒಬ್ಬ ಹುಡುಗ, ಒಬ್ಬ ಹುಡುಗಿ ಎರಡು ದಿನದ ಸೂಟಿ ಕೇಳಿ ಅರ್ಜಿ ಹಿಡಿದು ನಿಮ್ಮ ಮೇಜಿನ ಮುಂದೆ ನಿಂತರೆ, ನಿಮ್ಮ ಈ ಮುದಿ ಮೇಷ್ಟರನ್ನು ನೆನೆದು, ಸಹಿ ಮಾಡಿ ಕಳುಹಿಸಿರಿ.

ಎಲ್ಲರಿಗೂ ಶುಭವಾಗಲಿ.